ಹಳೆಯ ಬೆಂಜ್ ಕೊಳ್ಳುವ ಮುನ್ನ: ರಿಪೇರಿ ಖರ್ಚಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ಅರಳೆ ವ್ಯಾಪಾರಸ್ಥರ ಹಿತ್ತಲಲ್ಲಿ, ಬ್ಯಾಡಗಿಯ ವಖಾರಿಯ ಮೂಲೆಯಲ್ಲಿ, ಗದಗ ಕಡೆಯ ಹಳೆಯ ವಾಡೆಗಳಲ್ಲಿ ಇವತ್ತಿಗೂ ತಾಡಪಾಲು ಹೊದ್ದು ನಿಂತ ಒಂದೊಂದು ಬೆಂಜ್ ಕಾರು ಸಿಗುತ್ತದೆ. ಹೇಳುವ ಬೆಲೆ ಕಡಿಮೆ ಇರುತ್ತದೆ, ನೋಡಿದವರಿಗೆ ಆಸೆ ಹುಟ್ಟುತ್ತದೆ. ನನ್ನನ್ನು ಕೇಳುವವರೆಲ್ಲ ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ. ಇಲ್ಲಿರುವುದು ಮುಖ್ಯವಾಗಿ ಡಬ್ಲ್ಯು 123 ಮಾದರಿಯ ವಿಷಯ. ಜರ್ಮನಿಯಲ್ಲಿ 1976ರಿಂದ 1986ರವರೆಗೆ ಸುಮಾರು 27 ಲಕ್ಷ ತಯಾರಾದ ಗಾಡಿ ಅದು. ನಮ್ಮ ಕಡೆ ಕಾಣುವುದು ಬಹುಪಾಲು ಡೀಸೆಲ್ 240ಡಿ ಮತ್ತು 300ಡಿ.

ಮಾರುವವರು ಎರಡು ಲಕ್ಷ ಹೇಳುತ್ತಿದ್ದಾರೆ. ಇದು ಅಗ್ಗವೋ ತುಟ್ಟಿಯೋ?

ಬರೀ ಆ ಅಂಕಿಯಿಂದ ಏನೂ ಗೊತ್ತಾಗುವುದಿಲ್ಲ. ಗಾಡಿ ನೋಡಲು ಹೋಗುವಾಗ ಒಂದು ನೋಟ್‌ಬುಕ್ ಒಯ್ಯಿರಿ. ಒಂದು ಹಾಳೆಯಲ್ಲಿ ಮೂರು ಸಾಲು ಮಾಡಿ. ಮೊದಲನೆಯದು, ಹುಬ್ಬಳ್ಳಿ-ಧಾರವಾಡದಲ್ಲೇ ಆಗುವ ಕೆಲಸ. ಎರಡನೆಯದು, ಹೊರಗಿನಿಂದ ಸಾಮಾನು ತರಿಸಿ ಮಾಡುವ ಕೆಲಸ. ಮೂರನೆಯದು, ಸಾಮಾನು ಸಿಗುವುದೇ ಕಷ್ಟ ಅಥವಾ ಬಿಚ್ಚುವವರೆಗೂ ಖರ್ಚು ಗೊತ್ತಾಗದ ಕೆಲಸ. ಕಂಡ ಪ್ರತಿ ದೋಷವನ್ನೂ ಈ ಮೂರರಲ್ಲಿ ಒಂದಕ್ಕೆ ಬರೆಯಿರಿ. ಮೊದಲ ಸಾಲು ಎಷ್ಟು ಉದ್ದ ಇದ್ದರೂ ಹೆದರಬೇಡಿ. ಮೂರನೆಯ ಸಾಲಿನಲ್ಲಿ ನಾಲ್ಕು ಬಾಬು ಬಂದರೆ ಗಾಡಿ ಪುಕ್ಕಟೆ ಕೊಟ್ಟರೂ ಯೋಚನೆ ಮಾಡಬೇಕು.

ಮೊದಲು ನೋಡಬೇಕಾದ್ದು ಇಂಜಿನ್ ಅಲ್ವಾ?

ಅಲ್ಲ. ಮೊದಲು ಪತ್ರಾ, ಅಂದರೆ ಬಾಡಿಯ ತಗಡು ನೋಡಿ. ನಾನು ಇದನ್ನು ದುಡ್ಡು ಕೊಟ್ಟು ಕಲಿತೆ.

ನನ್ನ ಮೊದಲ 240ಡಿ ಕೊಂಡದ್ದು ಹಾನಗಲ್ ಹತ್ತಿರದ ಒಂದು ತೋಟದ ಮನೆಯಿಂದ. ಬಣ್ಣ ಹೊಳೆಯುತ್ತಿತ್ತು. ಸೆಲ್ಫ್ ಅರ್ಧ ಹೊಡೆಯುವಷ್ಟರಲ್ಲಿ ಇಂಜಿನ್ ಚಾಲೂ ಆಯಿತು. ಆ ಸದ್ದು ಕೇಳಿ ನಾನು ಅಲ್ಲೇ ಮುಂಗಡ ಕೊಟ್ಟುಬಿಟ್ಟೆ. ಮನೆಗೆ ತಂದು ಒಳಗಿನ ಕಾರ್ಪೆಟ್ ಎತ್ತಿದರೆ ಡ್ರೈವರ್ ಕಾಲಡಿಯ ತಗಡು ಹಪ್ಪಳದ ಹಾಗೆ ಮುರಿದು ಬಂತು. ಗಾಡಿ ಹಲವು ಮಳೆಗಾಲ ದನದ ಕೊಟ್ಟಿಗೆಯ ಪಕ್ಕ ನಿಂತಿತ್ತು. ಮಾರುವುದಕ್ಕೆಂದೇ ಮೇಲೆ ಬಣ್ಣ ಹೊಡೆಸಿದ್ದರು. ಇಂಜಿನ್ನಿಗೆ ಖರ್ಚಾದದ್ದು ಆಯಿಲ್ ಮತ್ತು ಫಿಲ್ಟರ್ ಮಾತ್ರ. ಪತ್ರಾ ಕೆಲಸಕ್ಕೆ ಹದಿನಾಲ್ಕು ತಿಂಗಳು ಹಿಡಿಯಿತು, ಗಾಡಿಗೆ ಕೊಟ್ಟದ್ದಕ್ಕಿಂತ ಜಾಸ್ತಿ ಹಣ ಹೋಯಿತು.

ಈ ಗಾಡಿಗೆ ಬೇರೆ ಚಾಸಿ, ಅಂದರೆ ಲಾರಿಗೆ ಇರುವಂಥ ಅಡಿ ಚೌಕಟ್ಟು ಇಲ್ಲ. ಬಾಡಿಯೇ ಚಾಸಿ. ತಗಡು ತಿಂದುಹೋದರೆ ಅಂದ ಕೆಡುವುದಷ್ಟೇ ಅಲ್ಲ, ಗಾಡಿಯ ಬಲವೇ ಹೋಗುತ್ತದೆ. ಹಾಗಾಗಿ ಈ ಜಾಗಗಳನ್ನು ಬಿಡದೆ ನೋಡಿ: ಬಾಗಿಲ ಕೆಳಗೆ ಜ್ಯಾಕ್ ಹಾಕುವ ನಾಲ್ಕು ತೂತುಗಳು, ಬ್ಯಾಟರಿ ಕೂರುವ ತಟ್ಟೆ, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿ, ಹಿಂದಿನ ಚಕ್ರದ ಮೇಲಿನ ಕಮಾನು, ಮುಂದಿನ ಗಾಜಿನ ರಬ್ಬರಿನ ಅಂಚು. ಬಾನೆಟ್ ಮತ್ತು ಮುಂದಿನ ಗಾಜಿನ ನಡುವೆ ಮಳೆನೀರು ಇಳಿದುಹೋಗುವ ದಾರಿ ಇದೆ. ಮರದ ಕೆಳಗೆ ನಿಂತ ಗಾಡಿಯಲ್ಲಿ ಅದಕ್ಕೆ ಎಲೆ ಕಟ್ಟಿಕೊಳ್ಳುತ್ತದೆ. ಆಗ ನೀರು ಒಳಗೆ, ಕಾಲಡಿಗೆ ಬರುತ್ತದೆ.

ಒಂದು ಚಿಕ್ಕ ಅಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಬಾಡಿಯ ಮೇಲೆಲ್ಲ ಆಡಿಸಿ. ಅದು ಹಿಡಿಯದ ಕಡೆ ಒಳಗೆ ಪುಟ್ಟಿ ಇದೆ. ಕಾರ್ಪೆಟ್ ಎತ್ತಲು ಬಿಡಲ್ಲ ಅಂದರೆ ಅಲ್ಲಿಂದ ವಾಪಸ್ ಬನ್ನಿ.

ಗಾಡಿ ಎಲ್ಲಿ ಇತ್ತು ಅನ್ನುವುದು ಮುಖ್ಯವೇ?

ತುಂಬಾ ಮುಖ್ಯ. ಕಾರವಾರ, ಅಂಕೋಲಾ ಕಡೆ ಬಾಳಿದ ಗಾಡಿಯನ್ನು ಉಪ್ಪು ಗಾಳಿ ಕೆಳಗಿನಿಂದ ತಿಂದಿರುತ್ತದೆ. ಹಾನಗಲ್, ಕಲಘಟಗಿಯ ಮಳೆ ಸೀಮೆಯ ಗಾಡಿಯಲ್ಲೂ ಕೆಳಭಾಗವನ್ನೇ ಮೊದಲು ಅನುಮಾನದಿಂದ ನೋಡಿ. ಗದಗ, ರೋಣದ ಒಣ ಎರಿ ಸೀಮೆಯಲ್ಲಿ ಪತ್ರಾ ಚೆನ್ನಾಗಿ ಉಳಿಯುತ್ತದೆ. ಅಲ್ಲಿ ಕೆಡುವುದು ರಬ್ಬರ್ ಮತ್ತು ಡ್ಯಾಶ್‌ಬೋರ್ಡ್. ಬಿಸಿಲಿಗೆ ಎರಡೂ ಬಿರಿಯುತ್ತವೆ. ಹೊಲದ ಮನೆಯಲ್ಲಿದ್ದ ಗಾಡಿಯಾದರೆ ಇಲಿ, ಹೆಗ್ಗಣ ವೈರಿಂಗ್ ಕಡಿದಿರಬಹುದು. ನನ್ನನ್ನು ಕೇಳಿದರೆ ರಬ್ಬರ್ ಹೋದ ಗದಗಿನ ಗಾಡಿಗೆ ಐವತ್ತು ಸಾವಿರ ಜಾಸ್ತಿ ಕೊಡುತ್ತೇನೆ, ಹೊಳೆಯುವ ಕರಾವಳಿ ಗಾಡಿ ಬೇಡ.

ಇಂಜಿನ್ ಕೆಲಸ ಬಂದರೆ ಹುಬ್ಬಳ್ಳಿಯಲ್ಲಿ ಮಾಡುವವರು ಸಿಗುತ್ತಾರಾ?

ಸಿಗುತ್ತಾರೆ. 240ಡಿ ವಿಷಯದಲ್ಲಿ ನಮ್ಮ ದೇಶದವರಿಗೆ ದೊಡ್ಡ ಅನುಕೂಲ ಒಂದಿದೆ. ಅದರ ನಾಲ್ಕು ಸಿಲಿಂಡರಿನ 2.4 ಲೀಟರ್ ಇಂಜಿನ್ನಿನ ಹೆಸರು ಒಎಂ 616. ಇದೇ ಇಂಜಿನ್ನನ್ನು ಬಜಾಜ್ ಟೆಂಪೋ ಕಂಪನಿ, ಅಂದರೆ ಈಗಿನ ಫೋರ್ಸ್ ಮೋಟಾರ್ಸ್, ಬೆಂಜ್ ಕಂಪನಿಯ ಪರವಾನಗಿ ಪಡೆದು ಪುಣೆಯಲ್ಲಿ ತಯಾರಿಸಿತು. ಹಳ್ಳಿ ಹಳ್ಳಿಗೆ ಜನರನ್ನು ತುಂಬಿಕೊಂಡು ಓಡಾಡಿದ ಟ್ರ್ಯಾಕ್ಸ್, ಟೆಂಪೋ ಟ್ರಾವೆಲರ್ ಗಾಡಿಗಳಲ್ಲಿ ಇದ್ದದ್ದು ಇದೇ ವಂಶದ ಇಂಜಿನ್. ಸವದತ್ತಿ ಯಲ್ಲಮ್ಮನ ಜಾತ್ರೆಗೆ ಟ್ರ್ಯಾಕ್ಸ್‌ನಲ್ಲಿ ಹೋದವರು ಬೆಂಜ್ ಇಂಜಿನ್ನಿನ ಸದ್ದು ಕೇಳಿಯೇ ಹೋಗಿದ್ದಾರೆ ಅನ್ನಬೇಕು.

ಹೀಗಾಗಿ ಪಿಸ್ಟನ್, ರಿಂಗ್, ಬೇರಿಂಗ್, ಗ್ಯಾಸ್ಕೆಟ್ ಇಂಥ ಸಾಮಾನು ಈ ದೇಶದಲ್ಲೇ, ಕೈಗೆಟುಕುವ ಬೆಲೆಗೆ ಸಿಗುತ್ತದೆ. ಆದರೆ ಎಲ್ಲವೂ ಹಾಗೇ ಕೂರುತ್ತದೆ ಅಂದುಕೊಳ್ಳಬೇಡಿ. ಹಳೆಯ ಸಾಮಾನನ್ನು ಅಂಗಡಿಗೆ ಒಯ್ದು, ಪಕ್ಕದಲ್ಲಿಟ್ಟು ಅಳತೆ ನೋಡಿ ಕೊಳ್ಳಿ. ಲಾರಿ, ಟ್ರ್ಯಾಕ್ಟರ್ ಓಡಾಡುವ ಊರು ನಮ್ಮದು. ಬೋರ್ ಮಾಡುವ, ಕ್ರ್ಯಾಂಕ್ ಗ್ರೈಂಡಿಂಗ್ ಮಾಡುವ ಲೇಥ್‌ಗಳಿವೆ, ಡೀಸೆಲ್ ಪಂಪು-ನಾಝಲ್ ಕೆಲಸ ಗೊತ್ತಿರುವ ಹಳೆಯ ಕೈಗಳಿವೆ. ಈ ಗಾಡಿಯಲ್ಲಿ ಕಂಪ್ಯೂಟರ್ ಇಲ್ಲ, ಪಂಪು ಪೂರ್ತಿ ಯಾಂತ್ರಿಕ. ಗೋಕುಲ ರಸ್ತೆಯ ಕಡೆ ನಾಲ್ಕು ಗ್ಯಾರೇಜು ಸುತ್ತಿದರೆ ಟ್ರ್ಯಾಕ್ಸ್ ಇಂಜಿನ್ ಬಿಚ್ಚಿ ಕೂಡಿಸಿದ ಮಿಸ್ತ್ರಿ ಒಬ್ಬರಾದರೂ ಸಿಗುತ್ತಾರೆ.

300ಡಿ ಬೇರೆ. ಅದು ಐದು ಸಿಲಿಂಡರಿನ ಒಎಂ 617. ಅದರ ಕ್ರ್ಯಾಂಕ್, ಹೆಡ್, ಹೆಡ್ ಗ್ಯಾಸ್ಕೆಟ್, ಪಂಪು ಟ್ರ್ಯಾಕ್ಸ್‌ನಿಂದ ಬರುವುದಿಲ್ಲ. ಓಡಿಸಲು ಅದೇ ಚೆಂದ. ಆದರೆ ಅದರ ಇಂಜಿನ್ ಕೆಲಸವನ್ನು ಎರಡನೆಯ ಸಾಲಿಗೆ ಬರೆಯಿರಿ.

ಇಂಜಿನ್ ಬಿಚ್ಚದೆ ಅದರ ಆರೋಗ್ಯ ತಿಳಿಯುವುದು ಹೇಗೆ?

ಗಾಡಿ ಮುಟ್ಟಿದಾಗ ಇಂಜಿನ್ ತಣ್ಣಗೆ ಇರಬೇಕು. ನೀವು ಹೋಗುವ ಮೊದಲೇ ಯಾರೋ ಚಾಲೂ ಮಾಡಿ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ತಣ್ಣನೆಯ ಇಂಜಿನ್, ಅದರ ಒಳಗನ್ನು ಕಾಯಿಸುವ ಹೀಟರ್ ಪ್ಲಗ್ ಕಾದ ಮೇಲೆ ಬೇಗ ಚಾಲೂ ಆದರೆ ಒಳ್ಳೆಯ ಗುರುತು. ಹಿಡಿಯದಿದ್ದರೂ ತಕ್ಷಣ ಇಂಜಿನ್ ಹೋಗಿದೆ ಅನ್ನಬೇಡಿ. 1980ಕ್ಕಿಂತ ಮೊದಲಿನ ಗಾಡಿಗಳಲ್ಲಿ ಹೀಟರ್ ಪ್ಲಗ್‌ಗಳು ಒಂದರ ಹಿಂದೊಂದು ಸರಪಳಿಯಂತೆ ಇರುತ್ತವೆ. ಒಂದು ಸುಟ್ಟರೆ ಎಲ್ಲವೂ ಬಂದ್. ಅದು ಚಿಕ್ಕ ಖರ್ಚು.

ಬಿಸಿಯಾದ ಮೇಲೆ, ಇಂಜಿನ್ ಓಡುತ್ತಿರುವಾಗಲೇ, ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಅದನ್ನು ತಿರುವಿ ಅಲ್ಲೇ ಬಾಯಿ ಮೇಲೆ ಇಡಿ. ಸ್ವಲ್ಪ ನಡುಗಿದರೆ ಪರವಾಗಿಲ್ಲ. ಕುಣಿದು ಕೆಳಗೆ ಬಿದ್ದರೆ ರಿಂಗ್ ಸವೆದು ಗಾಳಿ ಕೆಳಗೆ ಬರುತ್ತಿದೆ ಎಂದು ಲೆಕ್ಕ. ಆಮೇಲೆ ಡೀಸೆಲ್ ಮಿಸ್ತ್ರಿಯಿಂದ ಕಂಪ್ರೆಷನ್, ಅಂದರೆ ಪ್ರತಿ ಸಿಲಿಂಡರಿನ ಒಳಗಿನ ಒತ್ತಡ, ಅಳತೆ ಮಾಡಿಸಿ. ನಾಲ್ಕೂ ಸಿಲಿಂಡರ್ ಹತ್ತಿರ ಹತ್ತಿರ ಇದ್ದರೆ ಸಮಾಧಾನ. ಒಂದು ಮಾತ್ರ ತೀರಾ ಕಡಿಮೆ ಇದ್ದರೆ ಮೊದಲು ವಾಲ್ವ್ ಅಂತರ ಸರಿ ಮಾಡಿಸಿ ಮತ್ತೆ ಅಳೆಯಿರಿ. ಈ ಇಂಜಿನ್ನಿನಲ್ಲಿ ವಾಲ್ವ್ ಅಂತರವನ್ನು ಆಗಾಗ ಕೈಯಿಂದಲೇ ಸರಿ ಮಾಡಬೇಕು. ವರ್ಷಗಟ್ಟಲೆ ಯಾರೂ ಮುಟ್ಟದೆ ಬಿಟ್ಟಿರುವುದೇ ಜಾಸ್ತಿ.

ಕೀ ತೆಗೆದರೂ ಇಂಜಿನ್ ಬಂದ್ ಆಗುವುದಿಲ್ಲ. ದೊಡ್ಡ ತೊಂದರೆಯೇ?

ಅಲ್ಲ. ಈ ಡೀಸೆಲ್ ಗಾಡಿಯಲ್ಲಿ ಇಂಜಿನ್ ನಿಲ್ಲಿಸುವುದು ವ್ಯಾಕ್ಯೂಮ್, ಅಂದರೆ ಪೈಪಿನೊಳಗಿನ ಗಾಳಿ ಹೀರುವ ಸೆಳೆತ. ಸೆಂಟ್ರಲ್ ಲಾಕ್ ಇದ್ದರೆ ಅದಕ್ಕೂ ಅದೇ ವ್ಯಾಕ್ಯೂಮ್ ಬೇಕು. ಎಲ್ಲೋ ಒಂದು ಪೈಪೋ ರಬ್ಬರ್ ಪರದೆಯೋ ಹರಿದಿದೆ. ಹುಡುಕಲು ತಾಳ್ಮೆ ಬೇಕು, ಹಣ ಅಷ್ಟು ಬೇಡ. ಮಾರುವವರಿಗೂ ಇದು ದೊಡ್ಡ ರೋಗದಂತೆ ಕಾಣುತ್ತದೆ. ಹೀಗಾಗಿ ಬೆಲೆ ಇಳಿಸಲು ಅವರೇ ಒಪ್ಪುತ್ತಾರೆ.

"ಏನ್ ಇಲ್ರೀ, ಬ್ಯಾಟರಿ ಹಾಕಿದ್ರ ಚಾಲೂ ಆಗ್ತೈತ್ರಿ" ಅನ್ನುತ್ತಾರೆ. ನಂಬಬಹುದೇ?

ಅವರು ಸುಳ್ಳು ಹೇಳುತ್ತಿರಲಿಕ್ಕಿಲ್ಲ. ನಿಲ್ಲಿಸಿದ ದಿನ ಅದು ಓಡುತ್ತಿತ್ತು, ಅವರಿಗೆ ನೆನಪಿರುವುದು ಆ ದಿನ. ಆದರೆ ಹತ್ತು ವರ್ಷ ನಿಂತ ಗಾಡಿ ಬೇರೆಯೇ ಗಾಡಿ. ಟ್ಯಾಂಕಿನ ತಳದಲ್ಲಿ ಡೀಸೆಲ್ ಗಸಿ ಕಟ್ಟಿ ಜಾಲರಿ ಮುಚ್ಚಿರುತ್ತದೆ. ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇರುವ ಗಾಡಿ ಇದು. ಆ ಬ್ರೇಕಿನ ಪಿಸ್ಟನ್‌ಗಳು ಹಿಡಿದುಕೊಂಡಿರುತ್ತವೆ. ಬ್ರೇಕಿನ ರಬ್ಬರ್ ಪೈಪು ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೆ ಊದಿ ಮುಚ್ಚಿರುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 1409 ಎಂದಿದ್ದರೆ 2009ರ ಹದಿನಾಲ್ಕನೆಯ ವಾರದ ಟೈರ್. ಟೈರಿನ ಮೇಲಿನ ಗೆರೆ ಎಷ್ಟೇ ಆಳ ಇದ್ದರೂ ಐದೂ ಟೈರ್ ಬದಲಿಸಬೇಕು.

ಅವರ ಅಂಗಳದಲ್ಲೇ ಬ್ಯಾಟರಿ ಹಾಕಿ ಸೆಲ್ಫ್ ಹೊಡೆಯಲು ಬಿಡಬೇಡಿ. ಎಳೆದು ಚಾಲೂ ಮಾಡುವುದಂತೂ ಬೇಡವೇ ಬೇಡ. ಮೊದಲು ಸಿಲಿಂಡರ್ ಒಳಗೆ ಸ್ವಲ್ಪ ಆಯಿಲ್ ಬಿಟ್ಟು ಒಂದು ರಾತ್ರಿ ಬಿಡಬೇಕು. ಮರುದಿನ ಕ್ರ್ಯಾಂಕಿನ ಮುಂದಿನ ಬೋಲ್ಟಿಗೆ 27ರ ಪಾನಾ ಹಾಕಿ ಕೈಯಿಂದ ನಿಧಾನ ತಿರುಗಿಸಬೇಕು. ಸರಾಗ ತಿರುಗಿದರೆ ಹೊಸ ಆಯಿಲ್, ಹೊಸ ಫಿಲ್ಟರ್, ಬೇರೆ ಕ್ಯಾನಿನಿಂದ ಶುದ್ಧ ಡೀಸೆಲ್. ಆಮೇಲೆ ಸೆಲ್ಫ್. ಇದಕ್ಕೆ ಮಾರುವವರು ಒಪ್ಪದಿದ್ದರೆ ಇಂಜಿನ್ ಜಾಮ್ ಆಗಿದೆ ಎಂದೇ ಲೆಕ್ಕ ಹಾಕಿ ಬೆಲೆ ಹೇಳಿ.

ಚಿಕ್ಕ ಪುಟ್ಟ ಸಾಮಾನು ಇಲ್ಲ, ಆಮೇಲೆ ಹಾಕಿಕೊಂಡರೆ ಆಗಲ್ವಾ?

ಲೆಕ್ಕ ತಪ್ಪುವುದು ಇಲ್ಲೇ. ಹೆಡ್‌ಲೈಟಿನ ಗಾಜು, ಬಂಪರಿನ ಮೂಲೆ, ಬಾಗಿಲ ಮೇಲಿನ ಕ್ರೋಮ್ ಪಟ್ಟಿ, ಮೀಟರ್, ಎಸಿ ಗುಂಡಿ, ಗ್ರಿಲ್, ಒಳಗಿನ ಕಟ್ಟಿಗೆಯ ಪಟ್ಟಿ. ಒಂದೊಂದೂ ಚಿಕ್ಕದು. ಆದರೆ ಇವು ಟ್ರ್ಯಾಕ್ಸ್‌ನಿಂದ ಬರುವುದಿಲ್ಲ, ಲೇಥ್‌ನಲ್ಲಿ ಆಗುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆ, ಮುಂಬೈಯ ಕುರ್ಲಾ, ಚೆನ್ನೈನ ಪುದುಪೇಟೆ ಎಂದು ಅಲೆಯಬೇಕು. ಇಲ್ಲವೇ ಜರ್ಮನಿಯಿಂದ ತರಿಸಿ ಸಾಗಣೆ, ಸುಂಕ ಎರಡನ್ನೂ ಕಟ್ಟಬೇಕು. ಹೊಸದು ಸಿಗುವ ಸಾಮಾನು ಇನ್ನೂ ಬಹಳ ಇದೆ, ಬೆಂಜ್ ಕಂಪನಿ ಹಳೆಯ ಮಾದರಿಗಳಿಗೆಂದೇ ಪ್ರತ್ಯೇಕ ವಿಭಾಗ ನಡೆಸುತ್ತದೆ. ಬೆಲೆ ಮಾತ್ರ ಯುರೋ ಲೆಕ್ಕದಲ್ಲಿ.

ಓಡದ, ಆದರೆ ಎಲ್ಲ ಸಾಮಾನೂ ಇರುವ ಗಾಡಿ ಮತ್ತು ಓಡುವ, ಆದರೆ ಅರ್ಧ ಸಾಮಾನು ಹೋದ ಗಾಡಿ ಒಂದೇ ಬೆಲೆಗೆ ಸಿಕ್ಕರೆ ನಾನು ಓಡದ್ದನ್ನೇ ತರುತ್ತೇನೆ. ಡಿಕ್ಕಿಯಲ್ಲಿ, ಮಾಳಿಗೆಯಲ್ಲಿ, ಹಳೆಯ ಡಬ್ಬಿಗಳಲ್ಲಿ ಬಿಚ್ಚಿಟ್ಟ ಸಾಮಾನು ಇರುತ್ತದೆ. ವ್ಯವಹಾರ ಮುಗಿಯುವ ಮೊದಲೇ ಮನೆಯ ಹಿರಿಯರನ್ನು ಕೇಳಿ. ಗೊತ್ತಿರುವುದು ಅವರಿಗೇ.

ಸೀಟು, ಒಳಗಿನ ಕೆಲಸ?

ಇದು ಮೊದಲನೆಯ ಸಾಲಿಗೆ. ರೆಕ್ಸಿನ್ ತರಹದ ಮೂಲ ಸೀಟು ಕವರ್ ಬಲು ಗಟ್ಟಿ. ತೊಳೆದರೆ ಎಷ್ಟೋ ಸಲ ಹೊಸದರಂತೆ ಆಗುತ್ತದೆ, ಸುಮ್ನೆ ಬದಲಿಸಬೇಡಿ. ಒಳಗಿನ ನಾರಿನ ಮೆತ್ತೆ ಪುಡಿಯಾಗಿರುತ್ತದೆ, ಅದನ್ನು ನಮ್ಮ ಕುಶನ್ ಕೆಲಸದವರು ಚೆನ್ನಾಗಿ ಮಾಡುತ್ತಾರೆ.

ಕಾಗದಪತ್ರದ ಖರ್ಚು ಎಷ್ಟು ಹಿಡಿಯಬೇಕು?

ಇದನ್ನು ಜನ ಕೊನೆಗೆ ಕೇಳುತ್ತಾರೆ, ಕೇಳಬೇಕಾದ್ದು ಮೊದಲು. 15 ವರ್ಷದ ನಂತರ ಖಾಸಗಿ ಕಾರಿನ ಆರ್‌ಸಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್ 1ರಿಂದ ಇದರ ಶುಲ್ಕ ದೇಶದಲ್ಲೇ ತಯಾರಾದ ಕಾರಿಗೆ 5,000 ರೂಪಾಯಿ, ಆಮದು ಕಾರಿಗೆ 40,000 ರೂಪಾಯಿ ಆಯಿತು. 2025ರಲ್ಲಿ 20 ವರ್ಷ ದಾಟಿದ ಗಾಡಿಗಳಿಗೆ ಅದನ್ನು 10,000 ಮತ್ತು 80,000 ಮಾಡಿದರು. ಡಬ್ಲ್ಯು 123 ಆಮದು ಗಾಡಿ. ಆರ್‌ಸಿ ಮುಗಿದು ವರ್ಷಗಳಾಗಿದ್ದರೆ ತಡವಾದದ್ದಕ್ಕೂ ಕಟ್ಟಬೇಕು, ಹಸಿರು ತೆರಿಗೆಯೂ ಇದೆ. ನವೀಕರಣಕ್ಕೆ ಗಾಡಿಯನ್ನು ಆರ್‌ಟಿಒ ಮುಂದೆ ತಂದು ತೋರಿಸಬೇಕು. ಅಂದರೆ ಓಡದ ಗಾಡಿಯ ಆರ್‌ಸಿ ನವೀಕರಿಸುವ ಮೊದಲೇ ನೀವು ರಿಪೇರಿಗೆ ಹಣ ಸುರಿದಿರುತ್ತೀರಿ. ಹಾಗಾಗಿ ಮುಂಗಡ ಕೊಡುವ ಮೊದಲು ಆರ್‌ಟಿಒದಲ್ಲಿ ಗಾಡಿಯ ದಾಖಲೆ ಇದೆಯೇ, ಅದರ ಮೇಲೆ ಬಾಕಿ ಎಷ್ಟು ಎಂದು ಕೇಳಿ.

ಆರ್‌ಸಿಯಲ್ಲಿರುವ ಚಾಸಿ ನಂಬರನ್ನು ಗಾಡಿಯ ಮೇಲಿರುವ ನಂಬರಿನ ಜೊತೆ ಅಕ್ಷರ ಬಿಡದೆ ಹೋಲಿಸಿ. ಅದರಲ್ಲಿ 123123 ಇದ್ದರೆ ಅದು 240ಡಿಯಾಗಿ ಹುಟ್ಟಿದ ಗಾಡಿ, 123130 ಇದ್ದರೆ 300ಡಿ. ಬೇರೆ ಏನೋ ಇದ್ದು ಒಳಗೆ ಡೀಸೆಲ್ ಇಂಜಿನ್ ಇದ್ದರೆ ಯಾವಾಗಲೋ ಪೆಟ್ರೋಲ್ ಇಂಜಿನ್ ಇಳಿಸಿ ಇದನ್ನು ಕೂಡಿಸಿರಬಹುದು. ಹಿಂದೆ ಹಾಗೆ ಮಾಡುತ್ತಿದ್ದವರು ಬಹಳ. ಇಂಜಿನ್ ಬದಲಾದದ್ದು ಆರ್‌ಸಿಯಲ್ಲಿ ಬರೆಸಿರದಿದ್ದರೆ ಮೂರನೆಯ ಸಾಲಿಗೆ ಬರೆಯಿರಿ. ಆಮದಿನ ಸುಂಕ ಕಟ್ಟಿದ ಕಾಗದ ಇದೆಯೇ ಎಂದೂ ಕೇಳಿ. ಹೊರ ರಾಜ್ಯದ ಗಾಡಿಯಾದರೆ ಎನ್‌ಒಸಿ (ಅಲ್ಲಿನ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ) ಮತ್ತು ಕರ್ನಾಟಕದ ರಸ್ತೆ ತೆರಿಗೆ ಸೇರಿಸಿ. ದೆಹಲಿಯಲ್ಲಿ ಹಳೆಯ ಡೀಸೆಲ್ ಗಾಡಿಗಳ ಮೇಲಿನ ನಿರ್ಬಂಧದಿಂದ ಅಲ್ಲಿನ ಬೆಲೆ ಕಡಿಮೆ ಕಾಣುತ್ತದೆ, ಇದೆಲ್ಲ ಸೇರಿದಾಗ ಆ ಅಗ್ಗ ಕರಗುತ್ತದೆ.

ವಿಂಟೇಜ್ ಎಂದು ನೋಂದಣಿ ಮಾಡಿಸಬಹುದಾ?

2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿ, ಮೂಲ ರೂಪದಲ್ಲೇ ಇರುವ ಗಾಡಿಗೆ ಮಾತ್ರ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ನಡೆಯುತ್ತದೆ. ಆದರೆ ದಿನದ ಓಡಾಟಕ್ಕೆ ಬಳಸುವಂತಿಲ್ಲ. ಡಬ್ಲ್ಯು 123ರಲ್ಲಿ ತೀರಾ ಮೊದಲಿನವು 2026ರಲ್ಲಿ ಐವತ್ತು ತುಂಬುತ್ತವೆ. ಉಳಿದವು ಕಾಯಬೇಕು.

ಕೊನೆಗೆ ಎಷ್ಟು ಕೊಡಬೇಕು ಎಂದು ಲೆಕ್ಕ ಹಾಕುವುದು ಹೇಗೆ?

ನಾನು ಹಾಕುವ ರೀತಿ ಹೇಳುತ್ತೇನೆ. ಅಂಕಿಗಳು ಉದಾಹರಣೆಗೆ ಮಾತ್ರ. ನೀವು ಮಿಸ್ತ್ರಿ ಹೇಳಿದ ಅಂಕಿ ಬರೆದುಕೊಳ್ಳಿ.

ಅದೇ ಮಾದರಿಯ, ಚೆನ್ನಾಗಿ ಓಡುವ, ಕಾಗದ ಸರಿ ಇರುವ ಗಾಡಿ 8 ಲಕ್ಷಕ್ಕೆ ಸಿಗುತ್ತದೆ ಅಂದುಕೊಳ್ಳಿ. ಇಲ್ಲೇ ಆಗುವ ಕೆಲಸಕ್ಕೆ ಮಿಸ್ತ್ರಿ 1 ಲಕ್ಷ 20 ಸಾವಿರ ಅಂದರೆ ನಾನು ಕಾಲು ಭಾಗ ಸೇರಿಸಿ ಒಂದೂವರೆ ಲಕ್ಷ ಹಿಡಿಯುತ್ತೇನೆ. ಹೊರಗಿನ ಸಾಮಾನಿಗೆ 1 ಲಕ್ಷ ಅಂದರೆ ಅರ್ಧ ಸೇರಿಸಿ ಒಂದೂವರೆ. ಪತ್ರಾ ಮತ್ತು ಪೇಂಟಿಗೆ 2 ಲಕ್ಷ ಅಂದರೆ ಎರಡು ಪಟ್ಟು, 4 ಲಕ್ಷ. ಪತ್ರಾಕ್ಕೆ ಮಾತ್ರ ಯಾಕೆ ಎರಡು ಪಟ್ಟು? ಬಣ್ಣ ಕೆರೆದ ಮೇಲೆಯೇ ನಿಜವಾದ ತುಕ್ಕು ಕಾಣುವುದು, ಮಿಸ್ತ್ರಿ ಮೊದಲು ಹೇಳಿದ್ದು ಕಣ್ಣಿಗೆ ಕಂಡಷ್ಟಕ್ಕೆ. ಒಟ್ಟು 7 ಲಕ್ಷ ಆಯಿತು. ಎಂಟರಲ್ಲಿ ಏಳು ಕಳೆದರೆ 1 ಲಕ್ಷ ಉಳಿಯಿತು. ಅದರಲ್ಲಿ ಆರ್‌ಸಿ ಶುಲ್ಕವೂ ಹೋಗಬೇಕು. ಹೇಳಿದ ಎರಡು ಲಕ್ಷ ಈಗ ಅಗ್ಗವಾಗಿ ಕಾಣುತ್ತದಾ?

ಹಾಗಾದರೆ ರಿಪೇರಿಯಾದ ಗಾಡಿ ಕೊಳ್ಳುವುದೇ ಒಳ್ಳೆಯದಲ್ವಾ?

ಹಣದ ಲೆಕ್ಕ ಒಂದನ್ನೇ ನೋಡಿದರೆ ಹೌದು, ಬಹಳ ಸಲ ಹೌದು. ಆದರೆ ಕೆಲಸ ಯಾರು ಮಾಡಿದರು, ಬಣ್ಣದ ಕೆಳಗೆ ಏನಿದೆ ಎಂದು ಫೋಟೋ, ಬಿಲ್ಲು ತೋರಿಸಬೇಕು. ಅದಿಲ್ಲದ ಹೊಳೆಯುವ ಗಾಡಿಗಿಂತ ಧೂಳು ಹಿಡಿದ ಮೂಲ ಗಾಡಿ ವಾಸಿ. ಅದರ ದೋಷ ಕಣ್ಣೆದುರಿಗೇ ಇರುತ್ತದೆ. ಹಾಕಿದ ಹಣ ಮಾರಿದಾಗ ವಾಪಸ್ ಬರುತ್ತದೆ ಎಂದು ಮನೆಯಲ್ಲಿ ಹೇಳಬೇಡಿ. ಡೀಸೆಲ್ ನಾಲ್ಕು ಬಾಗಿಲಿನ ಗಾಡಿಗೆ ಹಾಗೆ ಆಗುವುದು ಅಪರೂಪ. ಇಂಥ ಗಾಡಿ ಇಟ್ಟುಕೊಳ್ಳಬೇಕು ಅನ್ನುವ ಪ್ರೀತಿ ಇದ್ದರೆ ಮಾತ್ರ ಕೈ ಹಾಕಿ.

ಅದಕ್ಕಿಂತ ಹೊಸ ಡಬ್ಲ್ಯು 124 ಸುಲಭವಲ್ಲವೇ?

ಅದು 1995ರಿಂದ ಪುಣೆಯಲ್ಲೇ ಜೋಡಣೆಯಾಯಿತು. ಹಾಗಾಗಿ ಸಿಗುವುದೂ ಸುಲಭ, ಅಲ್ಲಿ ಜೋಡಿಸಿದ್ದಾದರೆ ಆಮದು ಶುಲ್ಕದ ಭಾರವೂ ಇಲ್ಲ. ಒಂದು ವಿಷಯ ನೋಡಿ. 1990ರ ದಶಕದ ಮೊದಲರ್ಧದ ಪೆಟ್ರೋಲ್ ಗಾಡಿಗಳಲ್ಲಿ ಇಂಜಿನ್ ವೈರಿನ ಮೇಲಿನ ಹೊದಿಕೆ ಬಿಸಿಗೆ ತಾನಾಗಿ ಪುಡಿಯಾಗುತ್ತದೆ. ವೈರನ್ನು ಮೆಲ್ಲಗೆ ಬಗ್ಗಿಸಿ ನೋಡಿ. ಉದುರಿದರೆ ಇಡೀ ವೈರಿಂಗ್ ಬದಲಿಸುವ ಖರ್ಚು ಕಳೆದು ಬೆಲೆ ಹೇಳಿ.

ಗದಗಿನಲ್ಲಿ ಗಾಡಿ ಒಪ್ಪಿಗೆಯಾಯಿತು. ಹುಬ್ಬಳ್ಳಿಗೆ ಓಡಿಸಿಕೊಂಡು ಬರಲೇ?

ಬೇಡ. ಅರವತ್ತು ಕಿಲೋಮೀಟರ್ ಹತ್ತಿರವೇ ಅನ್ನಿಸುತ್ತದೆ. ಆದರೆ ಹಳೆಯ ಬ್ರೇಕ್ ಪೈಪು ಅಣ್ಣಿಗೇರಿ ದಾಟುವ ಮೊದಲೇ ಹೋಗಬಹುದು. ಇನ್ಶೂರೆನ್ಸ್ ಇಲ್ಲದೆ ರಸ್ತೆಗೆ ಇಳಿಸುವುದಂತೂ ತಪ್ಪು. ಗಾಡಿ ಎತ್ತಿ ಹಾಕಿಕೊಂಡು ಬರುವ ಲಾರಿ ಮಾಡಿ, ಅದರ ಬಾಡಿಗೆಯನ್ನು ಮೊದಲೇ ಹಾಳೆಯಲ್ಲಿ ಬರೆದಿರಿ. ಹೊರಡುವ ಮೊದಲು ಇನ್ನೊಂದು ಸಲ ಅವರ ಮಾಳಿಗೆ ಹತ್ತಿ ನೋಡಿ. ಮೂಲ ಟೂಲ್ ಚೀಲ, ಎರಡನೆಯ ಕೀ, ಗಾಡಿಯ ಜೊತೆ ಬಂದ ಪುಸ್ತಕ ಅಲ್ಲೇ ಎಲ್ಲೋ ಇರುತ್ತವೆ.